ದಿಂಬಿನಡಿಯ ನಂಬರಿನ ಚೂರಿ

ನಮ್ಮ ಮನೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಚೂರಿಗಳಿದ್ದವು. ಆದರೂ ಒಂದು ಲಿಂಬೆಹಣ್ಣು ಕೊಯ್ಯಬೇಕೆಂದರೆ ನಾನು ಈಳಿಗೆಮಣೆ ಹಾಕಿಕೊಂಡು ನೆಲಕ್ಕೇ ಕೂರಬೇಕಿತ್ತು. ಏಕೆಂದರೆ ಅವೆಲ್ಲ ನಮ್ಮವರ ಚೂರಿಗಳು, ಕೊಯ್ಯುವುದಕ್ಕೆಂದು ಇದ್ದವಲ್ಲ. ಮಡಚಿದರೆ ಕಿಸೆಯೊಳಗೆ ಕೂರುವಂಥವು, ಆದರೆ ಒಂದೂ ಅವರ ಕಿಸೆಯನ್ನು ಕಂಡದ್ದಿಲ್ಲ. ಕಬ್ಬಿಣದ ಕಪಾಟಿನಲ್ಲಿ, ನನ್ನ ರೇಷ್ಮೆ ಸೀರೆಗಳ ಕೆಳಗಿನ ಖಾನೆಯಲ್ಲಿ, ನನ್ನದೇ ಹಳೆಯ ಫ್ಲಾನೆಲ್ ಬಟ್ಟೆಯ ತುಂಡುಗಳನ್ನು ಹೊದ್ದುಕೊಂಡು ಡಬ್ಬಿಗಳೊಳಗೆ ಮಲಗಿರುತ್ತಿದ್ದವು.

ಭಾನುವಾರ ಬೆಳಿಗ್ಗೆ ಅವಕ್ಕೆ ಎಣ್ಣೆ. ನಮ್ಮವರು ಮಂಚದ ಮೇಲೆ ಹಳೆಯ ಪೇಪರು ಹಾಸಿ, ಒಗೆದ ಬನಿಯನ್ ತೊಟ್ಟು, ಸೋಪು ಹಚ್ಚಿ ಎರಡೆರಡು ಸಲ ಕೈ ತೊಳೆದು ಕೂರುತ್ತಿದ್ದರು. ದೇವರ ಕೋಣೆಗೆ ಹೋಗುವಾಗ ಅವರು ಅಷ್ಟು ಕೈ ತೊಳೆದದ್ದನ್ನು ನಾನು ನೋಡಿಲ್ಲ. ಎಣ್ಣೆ ನನ್ನ ಹೊಲಿಗೆ ಮಷಿನ್ನಿನದು. ಹಕ್ಕಿಯ ಕೊಕ್ಕಿನಂಥ ಮೂತಿಯ ಆ ಪುಟ್ಟ ಡಬ್ಬಿಯಿಂದ ಒಂದೊಂದು ಚೂರಿಯ ಕೀಲಿಗೂ ಒಂದೊಂದು ಹನಿ. ಆಮೇಲೆ ತೆರೆಯುವುದು, ಟಕ್ ಅನ್ನಿಸುವುದು, ಮಡಚುವುದು. ಈ ಟಕ್‌ಟಕ್ ಕೇಳಿದರೆ ಅತ್ತೆ ಅಡುಗೆಮನೆಯಿಂದ, "ಹೋತು, ಇವನ ಪೂಜೆ ಶುರುವಾತು," ಅನ್ನುತ್ತಿದ್ದರು.

ನನಗೆ ಚೂರಿಯ ಬಗ್ಗೆ ಸ್ವಲ್ಪ ತರಬೇತಿ ಆಗಿತ್ತು. ಹೊನ್ನಾವರದಲ್ಲಿ ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ನಮ್ಮ ಕೈಗೆ ಎರಡೆರಡು ಸ್ಕೇಲು ಕೊಟ್ಟು, ಬಲಗೈಯದ್ದು ಚೂರಿ, ಎಡಗೈಯದ್ದು ಮುಳ್ಳುಚಮಚ ಎಂದು ತಿಳಿದುಕೊಳ್ಳಲು ಹೇಳುತ್ತಿದ್ದರು. ತಟ್ಟೆಯೂ ಇಲ್ಲ, ತಿನ್ನುವುದಕ್ಕೂ ಏನೂ ಇಲ್ಲ. ಇಲ್ಲದ್ದನ್ನು ಕೊಯ್ದು, ಬಾಯಿ ಮುಚ್ಚಿಕೊಂಡು ಅಗಿದು, ಕೊನೆಗೆ ಎರಡೂ ಸ್ಕೇಲನ್ನು ಜೋಡಿಸಿಟ್ಟರೆ ಊಟ ಮುಗಿಯಿತೆಂದು ಅರ್ಥ. ಮದುವೆಯಾಗಿ ಕುಮಟೆಯ ಪಕ್ಕದ ಹೊಳನಗದ್ದೆಗೆ ಬಂದು, ನಮ್ಮವರ ಭಾನುವಾರದ ಕಾರ್ಯಕ್ರಮ ನೋಡಿದಾಗ ನನಗೆ ಅಪರಿಚಿತವೆನಿಸಲಿಲ್ಲ.

ಈ ಹುಚ್ಚು ಹತ್ತಿದ್ದು ಅವರಿಗೆ ಭಟ್ಕಳಕ್ಕೆ ವರ್ಗವಾದ ಮೇಲೆ. ಅವರು ಬ್ಯಾಂಕಿನಲ್ಲಿದ್ದರು. ಕೊಂಕಣ ರೈಲು ಆಗಷ್ಟೇ ಓಡತೊಡಗಿದ್ದ ಹೊಸತು. ಬೆಳಿಗ್ಗೆ ರೈಲಿಗೋ ಬಸ್ಸಿಗೋ ಭಟ್ಕಳಕ್ಕೆ ಹೋಗಿ, ಸಂಜೆ ವಾಪಸು. ಮಧ್ಯಾಹ್ನ ಊಟವಾದ ಮೇಲೆ ಉಳಿದವರು ಬೀಡಾ ಅಂಗಡಿಗೆ ಹೋದರೆ ಇವರು ಪೇಟೆಗೆ. ಗಲ್ಫಿನಿಂದ ಬಂದ ಸೆಂಟು, ಕಂಬಳಿ, ಟಾರ್ಚು, ಹಾಲಿನ ಪುಡಿಯ ಡಬ್ಬಿಗಳ ನಡುವೆ ಒಂದು ಅಂಗಡಿಯಲ್ಲಿ ಗಾಜಿನ ಪೆಟ್ಟಿಗೆಯೊಂದಿತ್ತಂತೆ. ಅದರಲ್ಲಿ ಚೂರಿಗಳು. ಅಂಗಡಿಯ ಹಿರಿಯರು ಮನೆಯಲ್ಲಿ ನವಾಯತಿ, ಗಿರಾಕಿಗಳೊಂದಿಗೆ ಉರ್ದು, ನಮ್ಮವರೊಂದಿಗೆ ಕನ್ನಡ ಮಾತಾಡುವವರು. "ಸಾರ್, ಇದು ಲಿಮಿಟೆಡ್. ದುಬೈಯಲ್ಲೂ ಈಗ ಸಿಗಲ್ಲ," ಎಂದು ಅವರು ಹೇಳಿದ ದಿನವೇ ನಮ್ಮ ಮನೆಯ ಹಣೆಬರಹ ಬದಲಾಯಿತು.

ಮೊದಲ ಚೂರಿ ತಂದ ಸಂಜೆ ಅದರ ಅಲಗಿನ ಬುಡದಲ್ಲಿ ಕೊರೆದ ಸಣ್ಣ ಅಂಕಿಯನ್ನು ನನಗೆ ತೋರಿಸಿದರು. "ಇಂಥದ್ದು ಇಷ್ಟೇ ಅಂತ ಲೆಕ್ಕ ಹಾಕಿ ಮಾಡಿದ್ದು. ಆಮೇಲೆ ಅವರು ಮಾಡೂದೇ ಇಲ್ಲ."

"ಯಾರೂ ತಗಳ್ಳಲಿಲ್ಲವೇನೋ," ಎಂದೆ ನಾನು, ಮೃದುವಾಗಿಯೇ.

ಅವರು ಎರಡು ದಿನ ನನ್ನೊಂದಿಗೆ ಚೂರಿಯ ವಿಷಯ ಎತ್ತಲಿಲ್ಲ. ಆಗ ಮನೆಯಲ್ಲಿ ಎಷ್ಟು ಶಾಂತಿಯಿತ್ತು!

ಈಗ ಹೊನ್ನಾವರದ ಭಾವನ ವಿಷಯ ಹೇಳಬೇಕು. ನಮ್ಮವರ ತಂಗಿಯ, ಅಂದರೆ ನನ್ನ ನಾದಿನಿಯ ಗಂಡ. ಅವರೂ ನಮ್ಮವರೂ ಪರಸ್ಪರ 'ಭಾವ' ಎಂದೇ ಕರೆದುಕೊಳ್ಳುತ್ತಿದ್ದುದರಿಂದ ಉಳಿದವರೆಲ್ಲ ಗೊಂದಲವಾಗದಿರಲೆಂದು ಅವರನ್ನು ಹೊನ್ನಾವರದ ಭಾವ ಎನ್ನುತ್ತಿದ್ದೆವು. ಹೊನ್ನಾವರದ ಬಸ್ ಸ್ಟ್ಯಾಂಡಿನ ಹತ್ತಿರ ಅವರಿಗೆ ವಾಚು, ಕ್ಯಾಲ್ಕುಲೇಟರು ಮಾರುವ ಅಂಗಡಿ. ಕೆಲವು ವರ್ಷ ಕಳೆದ ಮೇಲೆ ಮೊಬೈಲಿನ ಕವರು ಕೂಡ. ಆದರೆ ಅಂಗಡಿ ಒಂದು ನೆಪ. ಅವರು ಎಲ್ಲಿದ್ದರೂ ಮಾರುತ್ತಿದ್ದರು. ಮದುವೆಮನೆಗೆ ಹೊಸ ಶೂ ತೊಟ್ಟು ಬಂದು ಚಪ್ಪಲಿಯಲ್ಲಿ ವಾಪಸು ಹೋದದ್ದನ್ನು ನಾನೇ ನೋಡಿದ್ದೇನೆ. ಯಾರೋ ಚೆನ್ನಾಗಿದೆ ಅಂದಿದ್ದರಂತೆ.

ನಮ್ಮವರಿಂದಲೇ ಅವರಿಗೆ ಚೂರಿಯ ಸುದ್ದಿ ತಿಳಿದದ್ದು. ಮೊದಲು ನಕ್ಕರು. ಆಮೇಲೆ ಸೈಬರ್ ಕೆಫೆಯಲ್ಲಿ ಕೂತು, ಇಂಥ ನಂಬರಿನ ಚೂರಿಗಾಗಿ ಮುಂಬಯಿಯಲ್ಲೂ ಗಲ್ಫಿನಲ್ಲೂ ಜನ ಬಾಯಿ ಬಿಟ್ಟುಕೊಂಡು ಕಾಯುತ್ತಾರೆಂದು ಕಂಡುಕೊಂಡರು. ಅಲ್ಲಿಂದ ಮುಂದೆ ಭಟ್ಕಳದ ಗಾಜಿನ ಪೆಟ್ಟಿಗೆಯ ಮುಂದೆ ಇಬ್ಬರು ಭಾವಂದಿರು. ಒಬ್ಬರು ತಂದು ಇಟ್ಟುಕೊಳ್ಳುವವರು, ಒಬ್ಬರು ತಂದು ಕಳಿಸುವವರು. ಹಬ್ಬಕ್ಕೆ ಸೇರಿದರೆ ಊಟಕ್ಕೆ ಮೊದಲೇ ಇವರ ವಾದ ಶುರು.

"ವಸ್ತು ಅಂದ್ರೆ ಮೀನಿದ್ದ ಹಾಗೆ ಭಾವ. ಬಂದ ದಿನವೇ ಹೋಗ್ಬೇಕು. ಇಟ್ಕಂಡ್ರೆ ನಾತ."

"ನಿಮ್ಗೆ ಬಂಗಡೆಗೂ ಇದ್ಕೂ ವ್ಯತ್ಯಾಸ ಗೊತ್ತಿಲ್ಲ. ಇದ್ರ ಮರ್ಯಾದೆ ಇಟ್ಕಂಡವನಿಗೆ ಮಾತ್ರ ಗೊತ್ತು."

"ಮರ್ಯಾದೆ ಎಂತದು? ಕತ್ಲೆ ಖಾನೆಯಲ್ಲಿ ಅತ್ತಿಗೆಯ ಸೀರೆ ಕೆಳಗೆ ಬಿದ್ಕಂಬೂದಾ? ನನ್ನ ಕೈಗೆ ಬಂದ ಚೂರಿ ವಿಮಾನ ಹತ್ತಿ ದೇಶ ನೋಡ್ತದೆ."

ಚೂರಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ನಮ್ಮಲ್ಲಿ ನೆಲಕ್ಕಿಟ್ಟು ಕೊಡುವ ರೂಢಿ. ಈ ಇಬ್ಬರೂ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದರು. ಒಬ್ಬರು ಪೇಪರಿನ ಮೇಲೆ ಇಡುವುದು, ಇನ್ನೊಬ್ಬರು ಎತ್ತಿಕೊಳ್ಳುವುದು, ಹೀಗೆ ಜಗಳಕ್ಕೆ ಆಸ್ಪದ ಕೊಡದ ಹಾಗೆ ಜಗಳವಾಡುತ್ತಿದ್ದರು.

ನಾದಿನಿ ಮೊದಲ ಹೆರಿಗೆಗೆಂದು ನಮ್ಮ ಮನೆಗೆ ಬಂದಾಗ ಅವಳ ಕೈಯಲ್ಲಿ ವಾಚಿರಲಿಲ್ಲ. ಅವಳ ಅಪ್ಪ, ನನ್ನ ಮಾವನವರು, ತೀರಿಕೊಳ್ಳುವ ಮೊದಲು ಮದುವೆಗೆ ಕೊಟ್ಟ ಚಿನ್ನದ ಬಣ್ಣದ ವಾಚು. ನಾನು ನೋಡಿದ್ದನ್ನು ಅವಳು ನೋಡಿದಳು. ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ಹೇಳಿದಳು:

"ಹೋತು ಅತ್ತಿಗೆ. ಒಳ್ಳೆ ಗಿರಾಕಿ ಸಿಕ್ಕಿದ್ರಂತೆ. ಅದ್ರ ಬದ್ಲು ಬೇರೆ ತಂದು ಕೊಟ್ರು, ಅದೂ ಹೋತು. ನಮ್ಮನೇಲಿ ಗಡಿಯಾರ ನಾಕು ಸಲ ಬದ್ಲಾಗದೆ. ನಾ ಸಮಯ ನೋಡೂದೇ ಬಿಟ್ಟೆ. ಕುಂತ ಕುರ್ಚಿಯಿಂದ ಏಳೂಕೆ ಹೆದ್ರಿಕೆ, ವಾಪಸ್ ಬರೂದ್ರೊಳಗೆ ಇರ್ತದೋ ಇಲ್ವೋ."

ಅವಳು ನಗುತ್ತಲೇ ಹೇಳಿದಳು, ನಾನೂ ನಕ್ಕೆ. ಆಮೇಲೆ ಅವಳು ನಗು ನಿಲ್ಲಿಸಿ, "ಹುಟ್ಟೂ ಮಗೀಗೆ ಅಂತ ಒಂದು ವಸ್ತು ಆ ಮನೇಲಿ ನಿಂತ್ರೆ ಸಾಕು. ಒಂದೇ ಒಂದು. ಎಂತದಾದ್ರೂ ಅಡ್ಡಿಲ್ಲ," ಎಂದಳು.

ಕುಮಟೆಯ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ಬಾಣಂತಿಯನ್ನು ಮನೆಗೆ ಕರೆತರುವ ದಿನ ಹೊನ್ನಾವರದ ಭಾವ ಬೆಳಿಗ್ಗೆ ಬೇಗ ಭಟ್ಕಳಕ್ಕೆ ಹೋಗಿ, ಅಲ್ಲಿಂದ ನೇರ ನಮ್ಮ ಮನೆಗೆ ಬಂದರು. ಕೈಯಲ್ಲೊಂದು ಕಪ್ಪು ಡಬ್ಬಿ. ನಮ್ಮವರು ರಜೆ ಹಾಕಿದ್ದರು. ಭಾವ ಡಬ್ಬಿಯನ್ನು ಟೀಪಾಯಿಯ ಮೇಲಿಟ್ಟು ಮುಚ್ಚಳ ತೆರೆದಾಗ ನಮ್ಮವರ ಮುಖ ಬಿಳುಚಿತು.

ಅದು ಮುತ್ತಿನ ಚಿಪ್ಪಿನ ಹಿಡಿಯ ಚೂರಿ. ಬೆಳಕಿಗೆ ಹಿಡಿದರೆ ಒಮ್ಮೆ ಗುಲಾಬಿ, ಒಮ್ಮೆ ಹಸಿರು. ಅಂಗಡಿಯ ಹಿರಿಯರು ಇದು ಬಂದೇ ಬರುತ್ತದೆಂದು ವರ್ಷದಿಂದ ನಮ್ಮವರಿಗೆ ಆಸೆ ತೋರಿಸಿದ್ದರು. ಅದು ಬಂದ ದಿನವೇ ಇವರು ರಜೆ ಹಾಕಿದ್ದರು, ಅದೂ ಭಾವನ ಮಗುವಿಗೋಸ್ಕರ.

"ನಂಗೆ ಕೊಡಿ ಭಾವ," ಎಂದರು ನಮ್ಮವರು. ಅವರ ಧ್ವನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ.

"ನಿಮ್ಗೆ ಹ್ಯಾಂಗೆ ಕೊಡೂದು? ದುಡ್ಡು ತಗಂಡ್ರೆ ಅತ್ತೆಗೆ ಬೇಜಾರು, ಹಂಗೇ ಕೊಟ್ರೆ ಚೂರಿ ಉಡುಗೊರೆ ಕೊಟ್ಟು ಸಂಬಂಧ ಕಡಿದ ಅಂತಾರೆ. ಅದ್ಕೂ, ಗಿರಾಕಿ ಆಗ್ಲೇ ಇದಾರೆ. ಭಟ್ಕಳದವ್ರು, ಗಲ್ಫಿಂದ ರಜೆಗೆ ಬಂದವ್ರು. ಮುಂದಿನ ವಾರ ಇಲ್ಗೇ ಬರ್ತ್ರು, ಆಮೇಲೆ ವಿಮಾನ ಹತ್ತತ್ರು."

ಇಷ್ಟು ಹೇಳಿ ಭಾವ ಮಗು ಹುಟ್ಟಿದ ಖುಷಿಗೆ ಪೇಡೆ ತರಲು ಪೇಟೆಗೆ ಹೋದರು. ನಮ್ಮವರು ಆ ಡಬ್ಬಿಯ ಮುಂದೆ ಕೂತಿರಲಾರದೆ ಹಿತ್ತಿಲಿಗೆ ಹೋದರು. ಸರಿಯಾಗಿ ಆ ಹೊತ್ತಿಗೆ ಬಾಣಂತಿಯ ಕೋಣೆಯಲ್ಲಿ ಅತ್ತೆಗೆ ಕಬ್ಬಿಣ ಬೇಕಾಯಿತು.

ಹಸುಗೂಸಿನ ತಲೆಯ ಹತ್ತಿರ ಕಬ್ಬಿಣ ಇಡದೆ ನಮ್ಮಲ್ಲಿ ಬಾಣಂತಿಯನ್ನು ಮಲಗಿಸುವುದಿಲ್ಲ. ಕೆಟ್ಟ ದೃಷ್ಟಿ, ಗಾಳಿ ಎಂದೆಲ್ಲ ಇರುತ್ತದಲ್ಲ. ನಮ್ಮ ಮನೆಯ ಎಲ್ಲ ಮಕ್ಕಳನ್ನೂ ಕಾದದ್ದು ಅತ್ತೆಯ ಅಡಕೆಕತ್ತರಿ. ಅದು ಹಿಂದಿನ ವರ್ಷ ಮುರಿದಿತ್ತು. ಈಳಿಗೆಮಣೆಯನ್ನು ಅಲ್ಲಿಟ್ಟರೆ ಸಾಂಬಾರಿಗೆ ತೊಂಡೆಕಾಯಿ ಕೊಯ್ಯುವುದು ಯಾವುದರಲ್ಲಿ? ಅತ್ತೆ ಹುಡುಕುತ್ತ ಹೊರಗೆ ಬಂದರು, ಟೀಪಾಯಿ ನೋಡಿದರು, ಡಬ್ಬಿ ತೆರೆದರು. ನಾನು ಬಾಣಂತಿಗೆ ಬಿಸಿನೀರು ಒಯ್ಯುವಾಗ ಅವರು ಚೂರಿಯ ಹಿಡಿಯನ್ನು ಸೆರಗಿನಿಂದ ಒರೆಸುತ್ತಿದ್ದರು.

"ಎಂತ ಚಂದ ಅಂತ ಹಿಂಗೆ ಮಾಡ್ತ್ರೋ. ಬಳಚಿನ ಚಿಪ್ಪು. ಅಘನಾಶಿನಿ ದಂಡೆ ಮೇಲೆ ರಾಶಿ ಬಿದ್ದದೆ," ಎಂದು ಹೇಳಿ, ಅದಕ್ಕೊಂದು ಅರಿಶಿನದ ಬೊಟ್ಟಿಟ್ಟು, ತಾಯಿ ಮಗು ಇಬ್ಬರೂ ತಲೆಯಿಡುವ ಉದ್ದ ದಿಂಬಿನಡಿ ತುರುಕಿದರು.

ಪೇಡೆಯ ಪೊಟ್ಟಣದೊಂದಿಗೆ ವಾಪಸಾದ ಭಾವ ಖಾಲಿ ಡಬ್ಬಿ ನೋಡಿ ಮೊದಲು ನಮ್ಮವರನ್ನೇ ನೋಡಿದರು. ನಮ್ಮವರು ಎರಡೂ ಕೈ ಎತ್ತಿ ತೋರಿಸಿದರು. ನಾನು ವಿಷಯ ಹೇಳಬೇಕಾಯಿತು. ಭಾವ ಕೋಣೆಯ ಬಾಗಿಲಿಗೆ ಓಡಿದರು. ಅತ್ತೆ ಬಾಗಿಲಲ್ಲೇ ನಿಂತಿದ್ದರು. ನಮ್ಮತ್ತೆ ಅಳಿಯನೊಂದಿಗೆ ನೇರವಾಗಿ ಮಾತಾಡುವವರಲ್ಲ. ಹಳೆಯ ಕ್ರಮ. ಇಬ್ಬರೂ ಒಂದೇ ಹೊಸ್ತಿಲ ಆಚೀಚೆ ನಿಂತಿದ್ದರೂ ಮಾತು ನನ್ನ ಮೂಲಕ ಹಾಯಬೇಕು.

"ತಂಗಿ, ಅವರಿಗೆ ಹೇಳು, ದಿಂಬಿನ ಅಡಿ ಇಟ್ಟ ಕಬ್ಬಿಣ ತೆಗೂಕೆ ಬರೂದಿಲ್ಲ ಅಂತ," ಎಂದರು ಅತ್ತೆ ನನಗೆ.

ನಾನು ಬಾಯಿ ತೆರೆಯುವ ಮೊದಲೇ ಭಾವ, "ಅತ್ತಿಗೆ, ಅತ್ತೆ ಹತ್ರ ಹೇಳಿ, ಇದು ಕಬ್ಬಿಣವೇ ಅಲ್ಲ. ಸ್ಟೇನ್‌ಲೆಸ್ ಸ್ಟೀಲು. ಲೋಟ, ತಾಟು ಮಾಡ್ತ್ರಲ್ಲ, ಅದು. ದೃಷ್ಟಿಗಿಷ್ಟಿಗೆಲ್ಲ ಇದ್ರಿಂದ ಎಂತ ಆಗೂದಿಲ್ಲ. ಸುಮ್ನೆ ತೋರಿಕೆ ಮಾಲು," ಎಂದರು.

ಭಾವ ತಮ್ಮ ಸಾಮಾನನ್ನು ಹಳಿದದ್ದು ಅದೇ ಮೊದಲು. ನಮ್ಮವರಿಗೆ ಸಹಿಸಲಾಗಲಿಲ್ಲ. "ತೋರಿಕೆ ಮಾಲಾ? ಅದ್ರ ಸ್ಟೀಲು ಎಂಥದು ಗೊತ್ತನಾ? ಎಂಥಾ ಗಟ್ಟಿ ಕಬ್ಬಿಣ!" ಎಂದು ಚೂರಿಯ ಮಾನ ಕಾಪಾಡಲು ನಿಂತರು.

ಅತ್ತೆ ನನ್ನ ಮುಖ ನೋಡಿದರು. "ನೀ ಕಾನ್ವೆಂಟಿಗೆ ಹೋದವ್ಳಲ್ಲ. ಹೌದೋ ಅಲ್ವೋ?"

ಕಾನ್ವೆಂಟಿನಲ್ಲಿ ವಿಜ್ಞಾನದ ಸಿಸ್ಟರ್ ನಮ್ಮನ್ನು ಸಮುದ್ರದಂಡೆಗೆ ಕರೆದೊಯ್ದು ಕಪ್ಪು ಮರಳಿನಲ್ಲಿ ಅಯಸ್ಕಾಂತ ಆಡಿಸಿದ್ದು ನನಗೆ ನೆನಪಿತ್ತು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ, ಚಹಾಪುಡಿಯೊಂದಿಗೆ ಪುಕ್ಕಟೆ ಬಂದ ಪ್ಲಾಸ್ಟಿಕ್ ಮಾವಿನಹಣ್ಣನ್ನು ಕಿತ್ತು ತಂದೆ. ನಾದಿನಿ ದಿಂಬಿನ ತುದಿಯನ್ನು ಎತ್ತಿ ಹಿಡಿದಳು. ಮಾವಿನಹಣ್ಣನ್ನು ಅಲಗಿನ ಹತ್ತಿರ ಒಯ್ದೆ. ಟಕ್. ಭಾನುವಾರದ ಟಕ್‌ಗಿಂತ ಇದು ದೊಡ್ಡದಾಗಿ ಕೇಳಿಸಿತು.

"ಹಿಡೀತು," ಎಂದರು ಅತ್ತೆ. "ಕಬ್ಬಿಣವೇ. ಹೇಳವರಿಗೆ."

ಹೇಳುವುದೇನೂ ಉಳಿದಿರಲಿಲ್ಲ. ನಾದಿನಿ ದಿಂಬನ್ನು ಕೆಳಗಿಳಿಸಿ ಅದರ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದಳು. ನಗು ತಡೆಯುತ್ತಿದ್ದಳೆಂದು ಅವಳ ಮೂಗಿನ ಹೊಳ್ಳೆ ಹೇಳುತ್ತಿತ್ತು.

ಅಲ್ಲಿಂದ ಮುಂದಿನ ದಿನಗಳಲ್ಲಿ ನಮ್ಮ ಮನೆಯ ಗಂಡಸರಿಗೆ ಮಗುವಿನ ಮೇಲೆ ಹುಟ್ಟಿದ ಪ್ರೀತಿಯನ್ನು ಓಣಿಯೇ ಕೊಂಡಾಡಿತು. ಭಾವ ಅಂಗಡಿಗೆ ಬೀಗ ಹಾಕಿ ದಿನಾ ಹೊನ್ನಾವರದಿಂದ ಬಂದರು. ಮಗುವನ್ನು ನೋಡುವ ನೆಪದಲ್ಲಿ ದಿಂಬನ್ನು ನೋಡುತ್ತಿದ್ದರು. ಮಗು ತಲೆಯನ್ನು ಎಡಕ್ಕೆ ಹೊರಳಿಸಿದರೆ ಅವರ ಕಣ್ಣೂ ಎಡಕ್ಕೆ. "ಇಂಥಾ ಅಪ್ಪ ಎಲ್ಲಿ ಸಿಗ್ತ್ರು!" ಎಂದು ಪಕ್ಕದ ಮನೆಯ ಕೊಂಕಣಿ ಅಮ್ಮ ಕಣ್ಣೊರೆಸಿಕೊಂಡರು.

ನಮ್ಮವರ ಸಂಕಟ ಬೇರೆ. ಚೂರಿ ಮಾರಿಹೋಗದೆ ನಿಂತಿದೆಯೆಂದು ಮೊದಲ ದಿನ ಅವರು ಎರಡು ಪೇಡೆ ಹೆಚ್ಚು ತಿಂದರು. ಮರುದಿನ ನೀರು ಹಾಕುವ ಹೆಂಗಸು ಬಂದು ಬಾಣಂತಿಗೆ ಎಣ್ಣೆ ನೀವಿ, ಅರಿಶಿನ ಹಚ್ಚಿ, ಕೂದಲಿಗೆ ಲೋಬಾನದ ಹೊಗೆ ಕೊಟ್ಟಾಗ ಅವರಿಗೆ ಚೂರಿಯ ಗತಿ ಹೊಳೆಯಿತು. ಎಣ್ಣೆ, ಹೊಗೆ, ಅರಿಶಿನ. ಇವುಗಳ ಜೊತೆಗೆ ಮಗು ತನ್ನ ಕಡೆಯಿಂದ ಸೇರಿಸುತ್ತಿದ್ದದ್ದು ಬೇರೆ. ಒಂದು ಬಿಳಿ ಬಟ್ಟೆಯನ್ನು ಮುಷ್ಟಿಯಲ್ಲಿ ಅಡಗಿಸಿಕೊಂಡು, "ಮಗೀನ್ನ ನೋಡ್ತೆ," ಎಂದು ಒಳಗೆ ಹೋದರು. ಅಲ್ಲಿಯವರೆಗೆ ಯಾವ ಹಸುಗೂಸನ್ನೂ ಮುಟ್ಟಿದವರಲ್ಲ. ದಿಂಬಿನಡಿ ಕೈ ಹಾಕಿ ಒರೆಸುತ್ತಿರುವಾಗ ಅತ್ತೆ ಹಿಂದೆಯೇ ಬಂದರು.

"ಮುಟ್ಟಿದ್ಯಾ? ಹೋಗು, ಮಿಂದ್ಕಂಡು ಬಾ."

ಮೊದಲ ಹತ್ತು ದಿನ ಮೈಲಿಗೆ. ಬಾಣಂತಿಯ ಹಾಸಿಗೆ ಮುಟ್ಟಿದವರು ಸ್ನಾನ ಮಾಡಲೇಬೇಕು. ನಮ್ಮವರು ಬಾವಿಕಟ್ಟೆಗೆ ಹೋಗಿ ಮಿಂದರು. ಸಂಜೆ ಆ ಹೆಂಗಸು ಮತ್ತೆ ಹೊಗೆ ಹಾಕಿದಳು, ಇವರು ಮತ್ತೆ ಒರೆಸಿದರು, ಮತ್ತೆ ಮಿಂದರು. ಚಳಿಗಾಲ. ಭಾವ ಜಗುಲಿಯಲ್ಲಿ ಕೂತು, "ಭಾವ ಬಾವಿಯಲ್ಲೇ ಇರೂದು ಒಳ್ಳೇದು," ಎಂದು ನನಗೆ ಕೇಳಿಸುವಂತೆ ಹೇಳಿದರು. ನಮ್ಮವರು ಸೀನಿ ಉತ್ತರ ಕೊಟ್ಟರು.

ಗಿರಾಕಿ ಬರುವ ದಿನ ಬಂತು. ಮಧ್ಯಾಹ್ನದ ಊಟಕ್ಕೆ ಮೊದಲೇ ಬರುತ್ತೇನೆಂದು ಫೋನು ಮಾಡಿದ್ದರು. ಬೆಳಿಗ್ಗೆಯಿಂದ ಭಾವ ಜಗುಲಿಗೂ ಗೇಟಿಗೂ ಅಲೆದಾಡಿ, ಕೊನೆಗೆ ನನ್ನ ಮೂಲಕ ಅತ್ತೆಗೆ ಕೈ ಮುಗಿದರು. ಬೇರೆ ಏನಾದರೂ ಉಪಾಯವಿದೆಯೇ?

ಅಳಿಯ ಕೈ ಮುಗಿದರೆ ಅತ್ತೆಗೂ ಕಷ್ಟವೇ. "ಒಂದದೆ. ಇದ್ನ ತೆಗೂ ಮೊದ್ಲು ಬೇರೆ ಕಬ್ಬಿಣ ಅಲ್ಲಿಗೆ ಬೀಳ್ಬೇಕು. ಅದೂ ಸೋದರಮಾವನ ಕೈಯಿಂದ ಆಗ್ಬೇಕು. ಅವ ಕೊಟ್ಟದ್ದು ಮಗೀಗೇ ಆತು, ವಾಪಸ್ ಕೇಳೂಕಿಲ್ಲ."

ಎಲ್ಲರೂ ನಮ್ಮವರನ್ನು ನೋಡಿದೆವು. ಸೋದರಮಾವ ಅವರೇ. ಕಪಾಟಿನ ತುಂಬ ಕಬ್ಬಿಣವೂ ಅವರದೇ.

ನಮ್ಮವರು ಕೋಣೆಗೆ ಹೋಗಿ ಕಪಾಟು ತೆರೆದರು. ನಾನು ಬಾಗಿಲಲ್ಲಿ ನಿಂತೆ. ಒಂದು ಡಬ್ಬಿ ತೆಗೆದರು, ತೆರೆದರು, ಮುಚ್ಚಿದರು. "ಇದು ಸೆಟ್ಟಿಂದು." ಇನ್ನೊಂದು. "ಇದಕ್ಕೆ ಜೋಡಿ ಅದೆ." ಮತ್ತೊಂದನ್ನು ಎದೆಗೆ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತರು. "ಇದ್ರ ನಂಬರು..." ಎಂದು ನನ್ನ ಕಡೆ ನೋಡಿದರು. ಸಂತೆಗೆ ಬಂದು ದಾರಿ ತಪ್ಪಿದ ಮಗುವಿನ ಮುಖದಂತಿತ್ತು ಅವರ ಮುಖ. ನನಗೆ ಪಾಪ ಅನಿಸಿತು, ನಗುವೂ ಬಂತು. ಹತ್ತಿರ ಹೋಗಿ ನನ್ನ ರೇಷ್ಮೆ ಸೀರೆಯೊಂದರ ಮಡಿಕೆ ಸರಿಮಾಡಿದೆ.

ಕೊನೆಗೆ ಅವರು ಮೇಲಿನ ಖಾನೆಗೆ ಕೈ ಹಾಕಿ ಏನನ್ನೋ ತೆಗೆದುಕೊಂಡು ಬಾಣಂತಿಯ ಕೋಣೆಗೆ ನಡೆದರು. ನೆಲದ ಮೇಲೆ ಇಟ್ಟರು. ಯಾವುದೋ ಪೇಂಟಿನ ಕಂಪನಿ ಹೊಸ ವರ್ಷಕ್ಕೆ ಪುಕ್ಕಟೆ ಹಂಚಿದ ಉಗುರುಕತ್ತರಿ. ಅದರ ಬದಿಯಿಂದ ಬಿಚ್ಚಿಕೊಳ್ಳುವ ಬೆರಳುದ್ದದ ಒಂದು ಚೂರಿಯಿತ್ತು, ನಿಜ.

ನಾದಿನಿ ಮೊಣಕೈ ಊರಿ ಎದ್ದು ಕೂತಳು.

"ಅಣ್ಣಾ, ಉಗುರುಕತ್ತರಿಯಾ?"

"ಅದ್ರಲ್ಲೂ ಚೂರಿ ಅದೆ," ಎಂದರು ನಮ್ಮವರು, ನೆಲ ನೋಡುತ್ತ.

"ಅಷ್ಟೊಂದು ಇಟ್ಕಂಡೀಯಲ್ಲೋ. ಎಂತಕ್ಕೆ ಇಟ್ಕಂಡದ್ದು? ನನ್ನ ಮಗಳಿಗಿಂತ ಹತ್ತಿರದವ್ರು ಯಾರಾರೂ ಬರೂವವ್ರಿದ್ರಾ?" ಆಮೇಲೆ ಬಾಗಿಲಾಚೆ ನಿಂತಿದ್ದ ಗಂಡನ ಕಡೆ ತಿರುಗಿದಳು. "ನೀವೂ ಕೇಳಿ. ಅಪ್ಪ ಕೊಟ್ಟ ವಾಚು ಹೋತು, ನಾ ಎಂತಾರೂ ಅಂದ್ನಾ? ಇದು ಇವಳ ತಲೆಯಡಿ ಇದ್ದದ್ದು. ನಾ ಏಳೂದಿಲ್ಲ. ಬೇಕಾದ್ರೆ ಹಾಸಿಗೆ ಸಮೇತ ನನ್ನೂ ಮಾರಿ."

ಭಾವನ ಕಣ್ಣು ನೆಲದ ಮೇಲಿನ ಉಗುರುಕತ್ತರಿಯಲ್ಲೇ ನೆಟ್ಟಿತ್ತು. ಜನ್ಮವಿಡೀ ವಸ್ತುಗಳಿಗೆ ಬೆಲೆ ಕಟ್ಟಿದವರು. ತಮ್ಮ ಮಗಳಿಗೆ ಯಾರೋ ಕಟ್ಟಿದ ಬೆಲೆ ಮೊದಲ ಸಲ ಕಣ್ಣೆದುರು ಬಿದ್ದಿತ್ತು. ಅದೂ ಪುಕ್ಕಟೆ ಬಂದ ಮಾಲು. ಅವರ ಕಿವಿ ಕೆಂಪಾಯಿತು.

"ಭಾವ," ಎಂದರು. "ನನ್ನ ಮಗಳ ತಲೆಗೆ ಇದಾ? ಪೇಂಟಿನ ಕಂಪನೀದು?"

"ಹಂಗಲ್ಲ ಭಾವ..."

"ಎತ್ಕಣಿ ಮೊದ್ಲು."

ನಮ್ಮವರು ಎತ್ತಿಕೊಂಡರು. ಅಷ್ಟರಲ್ಲಿ ಗೇಟಿನ ಹತ್ತಿರ ಕಾರಿನ ಸದ್ದು.

ಗಿರಾಕಿ ಬಿಳಿ ಅಂಗಿಯ, ಸೌಮ್ಯ ಮಾತಿನ ಮನುಷ್ಯ. ಶೂ ಬಿಚ್ಚಿ, ಎರಡನ್ನೂ ಗೋಡೆಗೆ ಸಮನಾಗಿ ಜೋಡಿಸಿಟ್ಟು ಒಳಗೆ ಬಂದರು. ಜಗುಲಿಯಲ್ಲೆಲ್ಲ ಅತ್ತರಿನ ಪರಿಮಳ. ಕೈಯಲ್ಲಿ ಖರ್ಜೂರದ ಡಬ್ಬಿ. ನಾನು ಚಹಾ ಕೊಟ್ಟೆ. ಅವರು ಒಂದು ಗುಟುಕು ಕುಡಿದು ಭಾವನ ಕಡೆ ನೋಡಿ ನಕ್ಕರು. "ತೋರಿಸಿ ಭಾಯಿ. ಈ ಸೀರೀಸಿನಲ್ಲಿ ಅದೊಂದೇ ನನ್ನ ಹತ್ರ ಇಲ್ಲದ್ದು."

ಭಾವ ಕೋಣೆಯ ಬಾಗಿಲ ಕಡೆ ನೋಡಿದರು. ಬಾಣಂತಿಯ ಕೋಣೆಯಲ್ಲಿ ಲೋಬಾನದ ಕೆಂಡ ಚಟಪಟ ಅನ್ನುವುದೂ ಕೇಳಿಸುತ್ತಿತ್ತು.

"ಅದು... ಮಾರೂಕಿಲ್ಲ ಸಾಹೇಬ್ರೆ."

ಆ ಶಬ್ದ ಅವರ ಗಂಟಲಿಗೆ ಹೊಸದು. ಮೀನಿನ ಮುಳ್ಳು ಸಿಕ್ಕಿಕೊಂಡವರಂತೆ ಹೇಳಿದರು.

ಗಿರಾಕಿ ಇದೂ ವ್ಯಾಪಾರದ ಒಂದು ಬಗೆಯೆಂದು ತಿಳಿದು ಮುಗುಳ್ನಕ್ಕರು. "ಆಯ್ತು, ನೀವೇ ಹೇಳಿ. ಎಷ್ಟಾದ್ರೆ?"

ಭಾವನ ಹಣೆಯ ಮೇಲೆ ಬೆವರು ಮೂಡಿತು. ಮದುವೆಮನೆಯಲ್ಲಿ ಶೂ ಕಳಚಿಕೊಟ್ಟ ಮನುಷ್ಯ. ನಮ್ಮವರು ಕಂಬಕ್ಕೆ ಒರಗಿ ಉಗುರುಕತ್ತರಿಯನ್ನು ಬೆನ್ನ ಹಿಂದೆ ಹಿಡಿದುಕೊಂಡಿದ್ದರು.

"ಎಷ್ಟಾದ್ರೂ ಇಲ್ಲ. ನನ್ನದಲ್ಲ ಅದು. ಮಗಳದ್ದು. ಅವಳ ದಿಂಬಿನ ಅಡಿ ಅದೆ."

"ದಿಂಬಿನ ಅಡಿ?" ಗಿರಾಕಿ ಕಪ್ಪು ಕೆಳಗಿಟ್ಟರು. ನಾನು, ರೂಢಿಯಂತೆ, ಒಳಗಿನವರ ಪರವಾಗಿ ವಿವರಿಸಿದೆ. ಅವರು ಕೇಳುತ್ತ ಕೇಳುತ್ತ ನಗತೊಡಗಿದರು. "ಅರೆ, ನಮ್ಮ ಮನೆಯಲ್ಲೂ ಇಡ್ತಾರೆ ಅಮ್ಮ! ನನ್ನ ಮಗನ ತಲೆ ಹತ್ರ ಕತ್ತರಿ ಇಟ್ಟಿದ್ರು. ಮೊದಲೇ ಹೇಳಬಾರದಾ? ಮಗುವಿನ ತಲೆಯಡಿಯದ್ದು ತಗೊಂಡು ಹೋದ್ರೆ ನಮ್ಮ ತಾಯಿ ನನ್ನನ್ನು ಹೊಸ್ತಿಲು ದಾಟಿಸಲ್ಲ." ಖರ್ಜೂರದ ಡಬ್ಬಿಯನ್ನು ನನ್ನ ಕಡೆ ಸರಿಸಿ, "ಬಾಣಂತಿಗೆ ಕೊಡಿ, ಒಳ್ಳೇದು," ಎಂದರು. ಹೋಗುವ ಮುನ್ನ ಒಮ್ಮೆ ಮಾತ್ರ, "ಹಿಡಿ ನಿಜವಾಗಿ ಗುಲಾಬಿ ಹೊಳೀತದಾ?" ಎಂದು ಕೇಳಿದರು. ನಮ್ಮವರು ಮತ್ತು ಭಾವ ಇಬ್ಬರೂ ಒಟ್ಟಿಗೆ ನಿಟ್ಟುಸಿರಿಟ್ಟು, "ಹೌದು," ಎಂದರು. ಆ ಇಬ್ಬರ ಅಭಿಪ್ರಾಯ ಹೊಂದಿದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ಅತ್ತೆ ಆ ದಿನ ಅಳಿಯನಿಗೆ ತಾವೇ ಬಡಿಸಿದರು. ನನ್ನ ಮೂಲಕವಲ್ಲದೆ, ನೇರವಾಗಿ, "ಇನ್ನೊಂದು ತುಂಡು ಮೀನು ಹಾಕ್ಕಣಿ," ಎಂದರು. ಭಾವ ಗಾಬರಿಯಾಗಿ ಎರಡು ಹಾಕಿಸಿಕೊಂಡರು.

ನಾದಿನಿ ಮಗುವಿನೊಂದಿಗೆ ಹೊನ್ನಾವರಕ್ಕೆ ಹೊರಟಾಗ ಚೂರಿಯೂ ಹೊರಟಿತು. ಎಳೆಮಗುವನ್ನು ಕರೆದುಕೊಂಡು ದಾರಿ ನಡೆಯುವಾಗ ಕಬ್ಬಿಣ ಜೊತೆಗಿರಬೇಕು. ಮಗುವಿನ ಬಟ್ಟೆಯ ಮಡಿಕೆಯಲ್ಲಿ ಅದನ್ನಿಟ್ಟುಕೊಂಡು ಅವಳು ಟೆಂಪೋ ಹತ್ತಿದಳು. ಖಾಲಿ ಕಪ್ಪು ಡಬ್ಬಿ ನಮ್ಮಲ್ಲೇ ಉಳಿಯಿತು. ನಮ್ಮವರು ಅದನ್ನು ಕಪಾಟಿನಲ್ಲಿಟ್ಟರು. ಭಾನುವಾರ ಉಳಿದವುಗಳಿಗೆ ಎಣ್ಣೆ ಹಾಕುವಾಗ ಅದನ್ನೂ ತೆಗೆದು ಒರೆಸುತ್ತಿದ್ದರು.

ಭಾವನ ಸ್ವಭಾವ ಬದಲಾಯಿತೆಂದು ಯಾರೂ ತಿಳಿಯಬಾರದು. ಮುಂದಿನ ವರ್ಷವೇ ಮಗುವಿನ ತಳ್ಳುಗಾಡಿ ಒಳ್ಳೆಯ ಬೆಲೆಗೆ ಹೋಯಿತು. ಗಡಿಯಾರಗಳು ಬಂದು ಹೋಗುತ್ತಲೇ ಇದ್ದವು. ಚೂರಿ ಮಾತ್ರ ನಿಂತಿತು. ನಾದಿನಿ ಅದನ್ನು ಕಪಾಟಿನಲ್ಲಿ ಇಟ್ಟುಕೊಳ್ಳಲೂ ಇಲ್ಲ, ಮಾರಲೂ ಇಲ್ಲ, ಅಡುಗೆಮನೆಗೆ ತಂದಳು.

ಮಗುವಿಗೆ ಶಾಲೆಗೆ ಹೋಗುವ ವಯಸ್ಸಾದಾಗ ಒಮ್ಮೆ ನಾವಿಬ್ಬರೂ ಹೊನ್ನಾವರಕ್ಕೆ ಹೋಗಿದ್ದೆವು. ಚೂರಿ ಒಲೆಯ ಪಕ್ಕದ ಮೊಳೆಗೆ ತೆಂಗಿನ ನಾರಿನ ಹುರಿಯಿಂದ ನೇತಾಡುತ್ತಿತ್ತು. ಮುತ್ತಿನ ಚಿಪ್ಪಿನ ಒಂದು ಚೂರು ಎದ್ದುಹೋಗಿತ್ತು. ಅಲಗು ಕೋಕಮ್ಮಿನ ಹುಳಿಗೆ ಮಂಕಾಗಿ ಕಲೆಗಟ್ಟಿತ್ತು. ಬೂದಿ ಹಾಕಿ ತಿಕ್ಕಿ ತಿಕ್ಕಿ ನಂಬರಿನ ಕೊನೆಯ ಅಂಕಿ ಮಾತ್ರ ಉಳಿದಿತ್ತು. ನಮ್ಮವರು ಅದನ್ನು ನೋಡಿ ಸತ್ತವರ ಮನೆಗೆ ಬಂದವರಂತೆ ನಿಂತರು.

"ಒಂದ್ಸಲ ನೋಡೂಕೆ ಕೊಡ್ತ್ಯಾ ಪುಟ್ಟಿ?" ಎಂದು ಮಗುವನ್ನು ಕೇಳಿದರು.

ಅವಳು ಸ್ಟೂಲು ಹತ್ತಿ ಚೂರಿ ಬಿಚ್ಚಿಕೊಂಡಳು. ಅವರು ಚಾಚಿದ ಕೈಯನ್ನು ನೋಡಿ ತಲೆಯಲ್ಲಾಡಿಸಿದಳು.

"ಕೈಗೆ ಕೊಡೂಕಾಗ ಮಾವ. ಜಗಳಾಗ್ತದೆ." ನೆಲಕ್ಕಿಟ್ಟಳು. ಅದರ ಪಕ್ಕದಲ್ಲಿ ಒಂದು ಪೇರಲೆಹಣ್ಣನ್ನೂ ಇಟ್ಟಳು. "ನೋಡೂದ್ರ ಸಂಗ್ತಿಗೆ ಕೊಯ್ದೂ ಕೊಡು."

ನಮ್ಮವರು ಅಷ್ಟು ವರ್ಷ ಚೂರಿಗಳೊಂದಿಗೆ ಬಾಳಿದವರು, ಒಂದು ಹಣ್ಣನ್ನೂ ಕೊಯ್ದಿರಲಿಲ್ಲ. ನೆಲಕ್ಕೆ ಕೂತು, ಪೇರಲೆಯನ್ನು ಹೇಗೆ ಹಿಡಿಯಬೇಕೆಂದು ತಿಳಿಯದೆ, ಮೊದಲು ಆ ಕಡೆಯಿಂದ, ಆಮೇಲೆ ಈ ಕಡೆಯಿಂದ ಪ್ರಯತ್ನಿಸಿದರು. ಹಣ್ಣು ಉರುಳಿ ಒಲೆಯ ಕೆಳಗೆ ಹೋಯಿತು. ಎತ್ತಿ, ಊದಿ, ಮತ್ತೆ ಹಿಡಿದರು. ಕೊನೆಗೆ ಬಂದ ಹೋಳುಗಳಲ್ಲಿ ಒಂದು ಹೆಬ್ಬೆರಳಿನಷ್ಟು, ಒಂದು ಅಂಗೈಯಷ್ಟು. ಅಡುಗೆಮನೆಯ ಬಾಗಿಲಿಗೆ ಬಂದ ಭಾವ ಒಂದು ಹೋಳು ಎತ್ತಿ ಬಾಯಿಗೆ ಹಾಕಿಕೊಂಡರು.

"ಉಪ್ಪು ಮೆಣಸು ಹಾಕಿ ಬಸ್ ಸ್ಟ್ಯಾಂಡಲ್ಲಿ ಇಟ್ರೆ ಹೋಗ್ತದೆ ಭಾವ," ಎಂದರು.

ಮಗು ದೊಡ್ಡ ಹೋಳನ್ನು ತಾನಿಟ್ಟುಕೊಂಡು, ಚೂರಿಯನ್ನು ತನ್ನ ಲಂಗಕ್ಕೆ ಒರೆಸಿ, ವಾಪಸು ಮೊಳೆಗೆ ತೂಗುಹಾಕಲು ಸ್ಟೂಲು ಹತ್ತಿದಳು.